ಅಂತರ್ಜಾಲದ ಬಳಗಗಳಲ್ಲಿ ನುಡಿಯಾಟ ಮತ್ತು ಗುರುತು: ಅಧ್ಯಕ್ಷ ಭಾಷಣ

ಅಂತರ್ಜಾಲದ ಬಳಗಗಳಲ್ಲಿ ಒಬ್ಬರ ಪರಿಚಯ ಇನ್ನೊಬ್ಬರಿಗೆ ಆಗುವುದು ಬಹುಮಟ್ಟಿಗೆ ಬರಹದಿಂದ. ಮುಖ ಕಾಣದ, ದನಿ ಕೇಳದ ಕಡೆ ಆರಿಸಿಕೊಂಡ ಹೆಸರು, ಪದಬಳಕೆ, ಕಾಗುಣಿತ ಇವೇ ಗುರುತಾಗುತ್ತವೆ. ಹೀಗಾಗಿ ಅಲ್ಲಿ ಭಾಷೆಯೊಡನೆ ಆಡುವವರು ತಮ್ಮ ಗುರುತಿನೊಡನೆಯೂ ಆಡುತ್ತಾರೆ.

ಈ ಆಟ ಹರಟೆಕೋಣೆಗಳಲ್ಲಿ ಬೆಳೆಯಿತು. 1988ರಲ್ಲಿ ಫಿನ್‌ಲೆಂಡಿನ ಯಾರ್ಕೊ ಓಯಿಕರಿನೆನ್ ಐಆರ್‌ಸಿ ಎಂಬ ಹರಟೆಯ ವ್ಯವಸ್ಥೆಯನ್ನು ರೂಪಿಸಿದರು. ಅದರ ಮೊದಲ ನಿಯಮಗಳಂತೆ ಅಡ್ಡಹೆಸರು ಒಂಬತ್ತು ಅಕ್ಷರ ಮೀರುವಂತಿರಲಿಲ್ಲ. ಬೇಕಾದ ಹೆಸರು ಆಗಲೇ ಬಳಕೆಯಲ್ಲಿದ್ದರೆ ಕೊನೆಗೊಂದು ಅಂಕಿ ಸೇರಿಸಬೇಕಿತ್ತು, ಇಲ್ಲವೇ ಕಾಗುಣಿತವನ್ನೇ ತಿರುಚಬೇಕಿತ್ತು. ಈ ಇಕ್ಕಟ್ಟೇ ಜಾಣ್ಮೆಯನ್ನು ಕಲಿಸಿತು. ಸಂಶೋಧಕಿ ಬ್ರೆಂಡಾ ಡ್ಯಾನೆಟ್ ಮತ್ತು ಸಂಗಡಿಗರು 1997ರ ಲೇಖನವೊಂದರಲ್ಲಿ ಇಂಥ ಒಂದು ಹರಟೆಯನ್ನು ವಿಶ್ಲೇಷಿಸಿದ್ದಾರೆ. ಅದರಲ್ಲಿ ಪಾಲ್ಗೊಂಡವರು ಬರಿಯ ಅಕ್ಷರ, ಚಿಹ್ನೆಗಳಿಂದಲೇ ಹೊಗೆ ಸೇದುವ ಅಭಿನಯ ಮಾಡುತ್ತಾರೆ.

ಅಮೆರಿಕದ ಪಾವೆಲ್ ಕರ್ಟಿಸ್ 1990ರಲ್ಲಿ ಆರಂಭಿಸಿದ ಲ್ಯಾಂಬ್ಡಾಮೂ ಎಂಬ, ಬಳಕೆದಾರರು ಪಾತ್ರಗಳಾಗಿ ಬೆರೆಯುವ ಬರಹಲೋಕದಲ್ಲಿ ಗುರುತಿನ ಆಟ ಇನ್ನೂ ಮುಂದೆ ಹೋಯಿತು. ಅಲ್ಲಿ ಹೆಣ್ಣು, ಗಂಡು ಮಾತ್ರವಲ್ಲದೆ ಬೇರೆ ಲಿಂಗಗಳನ್ನೂ ಆರಿಸಿಕೊಳ್ಳಬಹುದಿತ್ತು. ಅಲ್ಲೇ ಒಬ್ಬ ಬಳಕೆದಾರ ಮುಖವಾಡದ ಮರೆಯಲ್ಲಿ ಇತರರ ಪಾತ್ರಗಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಂತೆ ಬರೆದ. ಪತ್ರಕರ್ತ ಜೂಲಿಯನ್ ಡಿಬ್ಬೆಲ್ 1993ರಲ್ಲಿ ಈ ಪ್ರಕರಣವನ್ನು ಲೇಖನವಾಗಿಸಿದರು. ಪಾತ್ರಗಳು ಕಲ್ಪಿತ, ನೋವು ಮಾತ್ರ ನಿಜ. ಬಳಿಕ ಅಲ್ಲಿ ಬಳಗವೇ ತೀರ್ಮಾನಿಸಲು ಅರ್ಜಿ, ಮತದಾನದ ಏರ್ಪಾಡುಗಳು ಬಂದವು.

ಕನ್ನಡದಲ್ಲಿ ಆಟ ಲಿಪಿಯಿಂದಲೇ ಶುರುವಾಯಿತು. ಕಂಪ್ಯೂಟರಿನಲ್ಲಿ ಕನ್ನಡ ಸುಲಭವಾಗಿ ಮೂಡದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ರೂಢಿ ಬಂತು. ಆ ಬರವಣಿಗೆಯಲ್ಲಿ ‘ಹಳ್ಳಿ’, ‘ಹಲ್ಲಿ’ ಎರಡೂ ಒಂದೇ ಆಗುತ್ತವೆ. ಇಂಗ್ಲಿಷ್ ಕೀಲಿಗಳಿಂದ ಕನ್ನಡ ಮೂಡಿಸುವ ‘ಬರಹ’ ತಂತ್ರಾಂಶ ಬಳಸಿದವರು ಳಕಾರಕ್ಕೆ ದೊಡ್ಡ ಎಲ್ ಒತ್ತುವುದನ್ನು ರೂಢಿಸಿಕೊಂಡರು. ಈಗ ಮೊಬೈಲಿನಲ್ಲೇ ಕನ್ನಡ ಕೀಲಿಮಣೆ ಇರುವುದರಿಂದ ಲಿಪಿ ಯಾವುದೆಂಬುದು ಬರೆಯುವವರ ಆಯ್ಕೆಗೆ ಬಿಟ್ಟದ್ದು, ಆ ಆಯ್ಕೆಯೂ ಅವರ ಗುರುತು ಹೇಳುತ್ತದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ವಿಚಾರಗಳಿಂದ ಪ್ರೇರಿತವಾಗಿ 2013ರಲ್ಲಿ ಆರಂಭವಾದ ‘ಹೊನಲು’ ಜಾಲತಾಣ ಮಹಾಪ್ರಾಣಗಳನ್ನೂ ಷಕಾರವನ್ನೂ ಕೈಬಿಟ್ಟು ಬರೆಯುತ್ತದೆ. ‘ಭಾಷೆ’ ಅಲ್ಲಿ ‘ಬಾಶೆ’. ಆ ಎರಡಕ್ಷರದಲ್ಲೇ ಬರೆದವರ ನಿಲುವು ತಿಳಿಯುತ್ತದೆ. ಪಠ್ಯಪುಸ್ತಕಗಳಲ್ಲಿ ಜಾಗ ಸಿಗದ ಆಡುನುಡಿಗಳಿಗೂ ಜಾಲದಲ್ಲಿ ಮರ್ಯಾದೆ ಸಿಕ್ಕಿದೆ. ಧಾರವಾಡದ ‘ಯಾಕ್ರೀ’, ಮಂಗಳೂರಿನ ‘ಎಂತ ಮಾರಾಯ್ರೆ’ ಊರಿನ ಹೆಮ್ಮೆಯಾಗಿ ಬರಹಕ್ಕಿಳಿದಿವೆ. ಕುಂದಾಪುರದ ಆಡುನುಡಿಗಾಗಿ ಆಷಾಢದ ಅಮಾವಾಸ್ಯೆಯಂದು ಆಚರಿಸುವ ವಿಶ್ವ ಕುಂದಾಪ್ರ ಕನ್ನಡ ದಿನಕ್ಕೆ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಬಳಗವಿದೆ.

ಬೇರೆ ಹೆಸರಿನಲ್ಲಿ ಬರೆಯುವುದು ಕನ್ನಡಕ್ಕೆ ಹೊಸದಲ್ಲ. ಆದರೆ ಅಂಬಿಕಾತನಯದತ್ತ ಎಂದರೆ ಕವಿ ಬೇಂದ್ರೆಯವರೆಂದು ಓದುಗರಿಗೆ ಗೊತ್ತು. ಜಾಲದ ಹೆಸರಿನ ಹಿಂದೆ ಯಾರಿದ್ದಾರೆಂದು ಹಲವೊಮ್ಮೆ ತಿಳಿಯದು. ಆ ಮರೆ ಮನೆಯಲ್ಲೂ ಊರಲ್ಲೂ ಬಾಯಿಬಿಡಲಾಗದವರಿಗೆ ಧೈರ್ಯ ಕೊಡುತ್ತದೆ, ನಿಂದಕರಿಗೆ ಆಸರೆಯೂ ಆಗುತ್ತದೆ. ಆದ್ದರಿಂದ ಹೆಸರಿನ ಸ್ವಾತಂತ್ರ್ಯ ಉಳಿಯಬೇಕು, ನಿಂದೆಗೆ ಬಳಗವೇ ಕಡಿವಾಣ ಹಾಕಬೇಕು.

ಈ ನುಡಿಯಾಟವನ್ನು ಭಾಷೆ ಕೆಟ್ಟುದರ ಲಕ್ಷಣವೆಂದು ತಳ್ಳಿಹಾಕುವುದು ಸರಿಯಲ್ಲ. ನಿಯಮ ಬಲ್ಲವರೇ ಅದನ್ನು ಬೇಕೆಂದೇ ಮುರಿಯುತ್ತಾರೆ. ಓದುವವರು ನಗುವುದೂ ಆ ನಿಯಮ ಬಲ್ಲುದರಿಂದ. ಆದರೆ ಈ ಆಟದ ಕುರುಹುಗಳು ಅಳಿಯುತ್ತಿವೆ. 2014ರಲ್ಲಿ ಆರ್ಕುಟ್, 2020ರಲ್ಲಿ ಯಾಹೂ ಗ್ರೂಪ್ಸ್ ತಾಣಗಳು ಮುಚ್ಚಿದವು. ಅಲ್ಲಿ ನಡೆದ ಕನ್ನಡದ ಮಾತುಕತೆಗಳೂ ಬಹುಪಾಲು ಮರೆಯಾದವು. ಉಳಿದುದನ್ನಾದರೂ ಬರೆದವರ ಒಪ್ಪಿಗೆ ಪಡೆದು, ಅವರ ಗುಟ್ಟು ಕಾಪಾಡಿ, ಸಂಗ್ರಹಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳೂ ಸಾಹಿತ್ಯ ಸಂಸ್ಥೆಗಳೂ ಈಗಲೇ ಕೈಗೆತ್ತಿಕೊಳ್ಳಬೇಕು.