30 ಸೆಕೆಂಡಿನ ಪಾರಿಜಾತ

ಹೆಡ್‌ಫೋನ್ ಇದ್ರೆ ಹಾಕ್ಕೊಳ್ಳಿ. ಮೊದಲು ಒಂದು ತುಣುಕು ಕೇಳಿಸ್ತೀನಿ, ಆಮೇಲೆ ಮಾತು.

(ಹಾರ್ಮೋನಿಯಂ, ತಬಲಾ, ತಾಳದ ಸದ್ದು. 30 ಸೆಕೆಂಡು.)

ಇಷ್ಟೇ. ಇದಕ್ಕಿಂತ ಒಂದು ಸೆಕೆಂಡೂ ಜಾಸ್ತಿ ನನ್ನ ಹತ್ರ ಇಲ್ಲ. ಯಾಕೆ ಇಲ್ಲ ಅನ್ನೋದು ನನ್ನದೇ ತಪ್ಪಿನ ಕಥೆ.

ನಮ್ಮೂರು ತುಬಚಿ, ಜಮಖಂಡಿ ತಾಲ್ಲೂಕು. ತುಬಚಿ–ಬಬಲೇಶ್ವರ ಏತ ನೀರಾವರಿ ಅಂತ ಸುದ್ದಿಯಲ್ಲಿ ಕೇಳಿರ್ತೀರಿ, ಅದೇ ತುಬಚಿ. ಕೃಷ್ಣಾ ಹೊಳಿ ನಮಗೆ ಹತ್ತಿರ. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಅಂದ್ರೆ ಬರೀ ಆಟ ಅಲ್ಲ. ರಾತ್ರಿ ಊಟ ಮುಗಿಸಿ ಕೌದಿ ತಗೊಂಡು ಹೋದ್ರೆ ಬೆಳಗಾಗೋತನಕ ಹಾಡು. ನಾರದ ಸ್ವರ್ಗದಿಂದ ಒಂದು ಹೂವು ತರ್ತಾನೆ, ಕೃಷ್ಣ ಅದನ್ನ ರುಕ್ಮಿಣಿಗೆ ಕೊಡ್ತಾನೆ, ಸತ್ಯಭಾಮೆಗೆ ಸಿಟ್ಟು ಬರ್ತದೆ. ಕಥೆ ಇಷ್ಟೇ ಇರಬಹುದು, ಆದರೆ ಹಾಡು ಸಾಗರದಷ್ಟು. ಕುಲಗೋಡ ತಮ್ಮಣ್ಣ ಕಟ್ಟಿಕೊಟ್ಟ ಆಟ, ಕೌಜಲಗಿ ನಿಂಗಮ್ಮನಂಥ ಕಲಾವಿದೆ ಮೆರೆಸಿದ ಆಟ.

ನಮ್ಮ ಕಾಕಾ ಒಂದು ಮೇಳದಲ್ಲಿ ಪೇಟಿ ಬಾರಿಸ್ತಿದ್ರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತೀವಿ. ನಾನು ಬಿಕಾಂ ಓದೋವಾಗ ಒಂದು ರಾತ್ರಿ ಪೂರ್ತಿ ಆಟವನ್ನ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದೆ. ಬೆಳಿಗ್ಗೆ ಫೋನ್ 'ಸ್ಟೋರೇಜ್ ಫುಲ್' ಅಂತು. ನಾನೇನು ಮಾಡಿದೆ? ಸತ್ಯಭಾಮೆ ಬರೋ ಮುಂಚಿನ ಪೇಟಿಯ ತುಣುಕು ಕಟ್ ಮಾಡಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಉಳಿದದ್ದೆಲ್ಲ ಡಿಲೀಟ್. ಸ್ಟೇಟಸ್‌ನಲ್ಲಿ ಮೇಳದ ಹೆಸರೂ ಬರೀಲಿಲ್ಲ, ಕಾಕಾನ ಹೆಸರೂ ಬರೀಲಿಲ್ಲ. ಬೆಂಕಿ ಇಮೋಜಿ ಮಾತ್ರ ಹಾಕಿದ್ದೆ.

ಕಾಕಾ ನೋಡಿ ನಕ್ಕರು. "ತಮ್ಮಾ, ಹೂವು ತೋರಿಸಿದಿ. ಗಿಡ ಎಲ್ಲೈತಿ?" ಅಂದ್ರು. ಆವತ್ತು ನನಗೆ ಅದು ಬರೀ ಜೋಕ್ ಅನ್ನಿಸಿತ್ತು.

ಆಮೇಲೆ 2019ರ ಆಗಸ್ಟ್. ಹೊಳಿ ಬಂತು. ಕಾಕಾನ ಮನೆ ಹೊಳಿ ದಂಡೆಯ ಊರಲ್ಲಿ. ಜನ, ದನ ಎಲ್ಲ ಉಳಿದವು, ಅದೇ ದೊಡ್ಡದು. ನೀರು ಇಳಿದ ಮೇಲೆ ಮನೆ ತುಂಬ ರಾಡಿ. ಟ್ರಂಕಿನಲ್ಲಿದ್ದ ಅವರ ಮೇಳದ ಹಳೇ ಕ್ಯಾಸೆಟ್‌ಗಳು ಕೈಯಲ್ಲಿ ಹಿಡಿದ್ರೆ ಟೇಪು ಎಳೆಎಳೆಯಾಗಿ ಹರೀತಿತ್ತು. ಹೀಗೆ ಆ ಮೇಳದ ಧ್ವನಿ ಅಂತ ಉಳಿದದ್ದು ನನ್ನ ಫೋನಿನ 30 ಸೆಕೆಂಡು.

ಈಗ ನಿಮ್ಮನ್ನ ಸ್ವಲ್ಪ ದೂರ ಕರ್ಕೊಂಡು ಹೋಗ್ತೀನಿ, ಜರ್ಮನಿಗೆ. ಗಾಬರಿ ಆಗಬೇಡಿ, ವಾಪಸ್ ಹೊಳಿ ದಂಡೆಗೇ ಬರೋಣ.

ಹಾಡಿನಲ್ಲೇ ಪುರಾಣದ ಕಥೆ ಹೇಳೋ ಆಟಗಳು ಬೇರೆ ಕಡೆ ಇದ್ದಾವಾ ಅಂತ ಹುಡುಕ್ತಾ ಹೋದಾಗ ಸಿಕ್ಕಿದ್ದು ರಿಚರ್ಡ್ ವಾಗ್ನರ್. ಅವನ 'ರಿಂಗ್' ಅನ್ನೋ ಒಪೆರಾ ಮಾಲೆಯಲ್ಲಿ ನಾಲ್ಕು ಒಪೆರಾ, ನಾಲ್ಕು ದಿನ, ಒಟ್ಟು ಸುಮಾರು 15 ತಾಸು. 1848ರಲ್ಲಿ ಶುರು ಮಾಡಿ 1874ರಲ್ಲಿ ಮುಗಿಸಿದ. 26 ವರ್ಷ! ಮಾತೂ ಅವನದೇ, ಸಂಗೀತವೂ ಅವನದೇ. ಮೊದಲ ಸಲ ಪೂರ್ತಿ ಮಾಲೆ ಆಡಿದ್ದು 1876ರ ಆಗಸ್ಟ್‌ನಲ್ಲಿ, ಬೈರಾಯ್ಟ್ ಊರಲ್ಲಿ ಇದಕ್ಕಂತಲೇ ಕಟ್ಟಿಸಿದ ರಂಗಮಂದಿರದಲ್ಲಿ.

ಕಥೆ ಶುರುವಾಗೋದು ನದಿಯ ತಳದಲ್ಲಿ. ರೈನ್ ನದಿಯಲ್ಲಿರೋ ಚಿನ್ನವನ್ನ ಒಬ್ಬ ಕದೀತಾನೆ, ಉಂಗುರ ಮಾಡ್ತಾನೆ. ಆ ಉಂಗುರ ಇದ್ದವನಿಗೆ ಲೋಕವೇ ಕೈಯಲ್ಲಿ. ಆದರೆ ಅದನ್ನ ಮಾಡಬೇಕಂದ್ರೆ ಪ್ರೀತಿಯನ್ನ ಬಿಟ್ಟುಕೊಡಬೇಕು. ದೇವರುಗಳೂ ಆ ಉಂಗುರದ ಆಸೆಗೆ ಬೀಳ್ತಾರೆ. ಕೊನೆಗೆ ಬ್ರುನ್‌ಹಿಲ್ಡೆ ಅನ್ನೋ ವೀರಕನ್ಯೆ ಗಂಡನ ಚಿತೆಗೆ ಹಾರ್ತಾಳೆ, ನದಿ ಉಕ್ಕಿ ಬರ್ತದೆ, ಉಂಗುರ ನೀರಿಗೆ ವಾಪಸ್ ಹೋಗ್ತದೆ. ಹೊಳಿ ಉಕ್ಕೋದು ಏನು ಅಂತ ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ಮೊದಲು ಕೇಳಿದ್ದು ಮೊದಲನೇ ಒಪೆರಾದ ಶುರುವಾತು. ದೊಡ್ಡ ತಂತಿವಾದ್ಯಗಳು ಒಂದೇ ಒಂದು ಕೆಳಗಿನ ಸ್ವರ ಹಿಡೀತಾವೆ, ಬಿಡೋದೇ ಇಲ್ಲ. ಅದರ ಮೇಲೆ ಕೊಂಬುಗಳು ಒಂದೊಂದಾಗಿ ಏಳ್ತಾವೆ. ಸುಮಾರು ನಾಲ್ಕು ನಿಮಿಷ ಅದೇ. ಇಂಗ್ಲಿಷ್ ವಿಡಿಯೋಗಳಲ್ಲಿ ಇದನ್ನ ದೊಡ್ಡ ಪವಾಡ ಅಂತಾರೆ. ನನಗೆ ನೆನಪಾಗಿದ್ದು ಆಟಕ್ಕೆ ಮೊದಲು ಕಾಕಾ ಪೇಟಿಯ ಸೂರ ಹಿಡಿದು ಕೂತಿರ್ತಿದ್ದದ್ದು. ಜನ ಇನ್ನೂ ಕೂಡ್ತಿರ್ತಾರೆ, ಹುಡುಗರು ಗದ್ದಲ ಮಾಡ್ತಿರ್ತಾರೆ, ಸೂರ ಮಾತ್ರ ಹಾಗೇ ನಿಂತಿರ್ತದೆ.

ವಾಗ್ನರ್ ಇನ್ನೊಂದು ಕೆಲಸ ಮಾಡಿದ. ಒಬ್ಬೊಬ್ಬರಿಗೂ, ಒಂದೊಂದು ವಸ್ತುವಿಗೂ ಒಂದು ಪುಟ್ಟ ರಾಗದ ಎಳೆ ಕಟ್ಟಿದ. ಕತ್ತಿಗೊಂದು, ಉಂಗುರಕ್ಕೊಂದು, ನದಿಗೊಂದು. ನಾಲ್ಕನೇ ಒಪೆರಾದಲ್ಲಿ ನಾಯಕ ಸೀಗ್‌ಫ್ರೀಡ್ ಸತ್ತಾಗ ಅವನ ಶವ ಹೊತ್ಕೊಂಡು ಹೋಗ್ತಾರೆ. ಆಗ ಯಾರೂ ಹಾಡೋದಿಲ್ಲ. ವಾದ್ಯಗಳಷ್ಟೇ. ಅವನ ತಂದೆತಾಯಿಯ ಎಳೆ ಬರ್ತದೆ, ಕತ್ತಿಯದು ಬರ್ತದೆ, ಅವನು ಹುಡುಗನಾಗಿದ್ದಾಗ ಊದ್ತಿದ್ದ ಕೊಂಬಿನದು ಬರ್ತದೆ. ಸತ್ತವನ ಜೀವನ ಪೂರ್ತಿ ಮಾತಿಲ್ಲದೆ ಹೇಳಿಬಿಡ್ತಾನೆ.

ಈ ತುಣುಕನ್ನ ಬರೀ ಅದೊಂದೇ ಕೇಳಿದಾಗ ನನಗೆ 'ಭಾರೀ ಮ್ಯೂಸಿಕ್' ಅನ್ನಿಸಿತು, ಅಷ್ಟೇ. ಎರಡು ತಿಂಗಳು ಬಿಟ್ಟು ಬಿಟ್ಟು ಪೂರ್ತಿ ಮಾಲೆ ಕೇಳಿ ಅಲ್ಲಿಗೆ ಬಂದಾಗ ಬೈಕ್ ಸೈಡಿಗೆ ಹಾಕಿ ಕೂತೆ. ಸಂಗೀತ ಅದೇ. ಈ ಸಲ ನನಗೆ ಆ ಹುಡುಗನ ಪರಿಚಯ ಇತ್ತು.

ಹಾಗಾದ್ರೆ ತುಣುಕು ಮಾಡೋದೇ ತಪ್ಪಾ? ಅಲ್ಲ. ವಾಗ್ನರನೇ ಮಾಡಿದ್ದಾನೆ. ನಾನು ಕಾಮರ್ಸ್ ಹುಡುಗ, ಲೆಕ್ಕ ಬಿಡೋದಿಲ್ಲ: 1876ರ ಆ ಉತ್ಸವ ದೊಡ್ಡ ನಷ್ಟದಲ್ಲಿ ಮುಗೀತು. ಸಾಲ ತೀರಿಸೋಕೆ ಅವನು 1877ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಎಂಟು ಕಚೇರಿ ಮಾಡಿದ. ವೇಷ ಇಲ್ಲ, ರಂಗಸಜ್ಜಿಕೆ ಇಲ್ಲ, ತನ್ನ ಒಪೆರಾಗಳ ಆಯ್ದ ಭಾಗಗಳಷ್ಟೇ. ದುಡ್ಡು ಅಷ್ಟೇನೂ ಉಳೀಲಿಲ್ಲ. 1987ರಲ್ಲಿ ಲೋರಿನ್ ಮಾಜೆಲ್ ಅನ್ನೋ ಕಂಡಕ್ಟರ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ 15 ತಾಸನ್ನ ಸುಮಾರು 70 ನಿಮಿಷಕ್ಕೆ ಇಳಿಸಿದ. ಹಾಡುಗಾರರೇ ಇಲ್ಲ. ಹೆಸರೇ 'ಮಾತಿಲ್ಲದ ರಿಂಗ್' ಅಂತ. ಕಥೆಯ ಕ್ರಮ ತಪ್ಪಬಾರದು, ಹೊಸ ಸ್ವರ ಸೇರಿಸಬಾರದು ಅಂತ ತನಗೆ ತಾನೇ ನಿಯಮ ಹಾಕ್ಕೊಂಡಿದ್ದ. ಆದರೆ ನೋಡಿ, ಅವರು ಎಷ್ಟು ಕತ್ತರಿಸಿದ್ರೂ ಮೂಲ ಎಲ್ಲೂ ಹೋಗಲಿಲ್ಲ. ಸ್ವರಲಿಪಿ ಬರೆದಿಟ್ಟದ್ದು ಹಾಗೇ ಇದೆ. ನಾನು ಕತ್ತರಿಸಿ ಮೂಲವನ್ನೇ ಡಿಲೀಟ್ ಮಾಡಿದೆ.

ಈ ಕಥೆಗೆ ನಮ್ಮ ಕರ್ನಾಟಕದ ಒಂದು ಕೊಂಡಿ ಇದೆ, ಕೇಳಿ. ಮೈಸೂರಿನ ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನ ರಚಿಸಿದವರು, ಪಾಶ್ಚಾತ್ಯ ಸಂಗೀತದ ಹುಚ್ಚೂ ಅಷ್ಟೇ ಇತ್ತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ. 1950ರ ಮೇ 22ರಂದು ಅದೇ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ಕಂಡಕ್ಟರ್, ಫ್ಲಾಗ್‌ಸ್ಟಾಡ್ ಗಾಯಕಿ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊಟ್ಟಮೊದಲ ಪ್ರದರ್ಶನ. ಅವತ್ತು 'ರಿಂಗ್'ನ ಕೊನೆಯಲ್ಲಿ ಬ್ರುನ್‌ಹಿಲ್ಡೆ ಚಿತೆಯ ಮುಂದೆ ಹಾಡೋ ಭಾಗವೂ ಇತ್ತು. ಆ ಕಚೇರಿಗೆ ಗ್ಯಾರಂಟಿ ಹಣ ಕೊಟ್ಟವರು ನಮ್ಮ ಮಹಾರಾಜರು. ಗ್ಯಾರಂಟಿ ಅಂದ್ರೆ, ನಷ್ಟ ಆದ್ರೆ ನಾನಿದ್ದೀನಿ ಅನ್ನೋದು. ಅದಕ್ಕೆ ಬದಲಾಗಿ ಅವರಿಗೆ ಬೇಕಾಗಿದ್ದು ಸ್ಟ್ರಾಸ್‌ನ ಆ ಹಾಡುಗಳ ರೆಕಾರ್ಡಿಂಗ್, ಮೈಸೂರಿಗೆ. ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡ್ ಇದ್ದವು ಅಂತಾರೆ. ಆ ರಾತ್ರಿಯ ಧ್ವನಿ ಕರಕರ ಅಂದ್ರೂ ಇವತ್ತಿಗೂ ಕೇಳೋಕೆ ಸಿಗ್ತದೆ.

ಅವರು ಮಹಾರಾಜರು, ಸರಿ. ಆದರೆ ಇವತ್ತು ನಮ್ಮ ಜೇಬಿನಲ್ಲಿರೋ ಫೋನಿಗೆ ಯಾವ ಗ್ಯಾರಂಟಿ ಹಣವೂ ಬೇಕಾಗಿಲ್ಲ. ಅದಕ್ಕೇ ನನಗೆ ನನ್ನ ಮೇಲೆ ಜಾಸ್ತಿ ಸಿಟ್ಟು.

ಹೋದ ತಿಂಗಳು ಕಾಕಾನ ಹತ್ರ ಹೋದೆ. ಪೇಟಿ ಬಾರಿಸೋದು ಬಿಟ್ಟು ವರ್ಷಗಳಾಗಿದ್ದವು. 30 ಸೆಕೆಂಡು ಕೇಳಿಸಿದೆ. ಸುಮ್ಮನೆ ಕೂತ್ರು. ಮತ್ತೊಂದು ಸಲ ಹಚ್ಚು ಅಂದ್ರು. ಮೂರನೇ ಸಲಕ್ಕೆ ಅವರ ಬೆರಳು ಮೊಣಕಾಲ ಮೇಲೆ ಆಡ್ತಿದ್ದವು, ತುಣುಕು ನಿಂತ ಮೇಲೂ ಬೆರಳು ನಿಲ್ಲಲಿಲ್ಲ.

ಪಕ್ಕದ ಮನೆಯಿಂದ ಪೇಟಿ ತಂದೆ. "ಕಾಕಾ, ಮುಂದಿನ ಹಾಡು ಹೇಳು" ಅಂದೆ.

"ಮಾತು ನನ್ನ ಹತ್ರ ಇಲ್ಲೋ ತಮ್ಮಾ. ಹಾಡವರು ಹೋಗಿಬಿಟ್ರು. ನಂದು ಬರೀ ಸೂರ."

"ಸೂರನೇ ಬಾರಸು."

ಎರಡು ತಾಸು ಹತ್ತು ನಿಮಿಷ. ನಡುನಡುವೆ ನಿಲ್ಲಿಸಿ "ಇಲ್ಲಿ ದೂತಿ ಬರ್ತಾಳ", "ಇಲ್ಲಿ ಕೊರವಂಜಿ" ಅಂತ ಹೇಳ್ತಿದ್ರು. ಕೈ ನಡುಗ್ತಿತ್ತು, ಕೆಲವು ಕಡೆ ತಪ್ಪಿತು, ಹಿಂದಕ್ಕೆ ಹೋಗಿ ಮತ್ತೆ ಬಾರಿಸಿದ್ರು. ಹೊರಗೆ ಟ್ರ್ಯಾಕ್ಟರ್ ಹೋದ ಸದ್ದೂ ಇದೆ. ನಾನು ಏನೂ ಕಟ್ ಮಾಡಿಲ್ಲ. ಕಾಪಿ ಮೂರು ಕಡೆ ಇಟ್ಟಿದ್ದೀನಿ. ಎಲ್ಲ ಮುಗಿದ ಮೇಲೆ ಮೇಳದಲ್ಲಿದ್ದವರ ಹೆಸರನ್ನ ಒಬ್ಬೊಬ್ಬರದಾಗಿ ಹೇಳಿಸಿ ರೆಕಾರ್ಡ್ ಮಾಡ್ಕೊಂಡೆ.

ಅದು ಪೂರ್ತಿ ಪಾರಿಜಾತ ಅಲ್ಲ, ನನಗೆ ಗೊತ್ತು. ಮಾತು ಹುಡುಕಬೇಕು. ಬೇರೆ ಮೇಳದ ಹಿರಿಯರ ಹತ್ರ ಹೋಗೋದು ಶುರು ಮಾಡಿದ್ದೀನಿ.

ನಿಮ್ಮಲ್ಲೂ ಯಾರದ್ದಾದರೂ ಮನೆಯಲ್ಲಿ ಪೇಟಿ ಬಾರಿಸೋ ಕಾಕಾ, ಸೋಬಾನೆ ಹಾಡೋ ಆಯಿ ಇರ್ತಾರೆ. ರೀಲ್ಸ್ ಮಾಡಿ, ಬೇಡ ಅನ್ನೋದಿಲ್ಲ. ನಾನೂ ರೀಲ್ಸ್ ನೋಡಿಯೇ ಎಷ್ಟೋ ಹಾಡಿಗೆ ಹೋದವನು. ಆದರೆ ಪೂರ್ತಿ ಫೈಲ್ ಅಳಿಸಬೇಡಿ, ಹಾಡಿದವರ ಹೆಸರು ಬರೀರಿ. ಸ್ಟೋರೇಜ್ ಫುಲ್ ಅಂದ್ರೆ ನನ್ನ ಹಾಗೆ ಡಿಲೀಟ್ ಒತ್ತೋಕೆ ಮುಂಚೆ ಒಂದು ಪೆನ್‌ಡ್ರೈವ್ ತಗೊಳ್ಳಿ.

ಈಗ ಕಾಕಾನ ಪೇಟಿ. ಈ ಸಲ 30 ಸೆಕೆಂಡು ಅಲ್ಲ, ಎಪಿಸೋಡಿನ ಕೊನೆಗೆ ಪೂರ್ತಿ ಎರಡು ತಾಸು ಹತ್ತು ನಿಮಿಷ ಹಾಕಿದ್ದೀನಿ. ಮೊದಲಿಗೆ ಬರೀ ಸೂರ ಇರ್ತದೆ. ಫಾರ್ವರ್ಡ್ ಮಾಡಬೇಡ್ರಿ.

ಮತ್ತೆ ಸಿಗೋಣ್ರಿ.