ಮಾವಿನ ಗೊರಟಿನೊಳಗಿನ ಸೊಂಡಿಲು ಹುಳು



ಹೊರಗೆ ಒಂದು ಚುಕ್ಕೆಯೂ ಇಲ್ಲದ ಮಾವಿನ ಹಣ್ಣನ್ನು ತಿಂದು ಗೊರಟನ್ನು ಒಡೆದಾಗ, ಒಳಗೆ ಕಪ್ಪು ಹುಡಿಯ ನಡುವೆ ಕುಳಿತ ಕಂದು ಬಣ್ಣದ ಹುಳುವನ್ನು ನೀವೆಲ್ಲರೂ ಕಂಡಿರುತ್ತೀರಿ. ತೂತಿಲ್ಲದ ಹಣ್ಣಿನೊಳಗೆ ಅದು ಹೊಕ್ಕದ್ದಾದರೂ ಹೇಗೆ ಎಂಬುದು ಬಾಲ್ಯದಲ್ಲಿ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ.

ಉತ್ತರ ಸರಳವಾಗಿದೆ. ಕಾಯಿ ಗೋಲಿಯ ಗಾತ್ರದಲ್ಲಿದ್ದಾಗಲೇ ಹೆಣ್ಣು ಹುಳು ಅದರ ಸಿಪ್ಪೆಯನ್ನು ಕೆತ್ತಿ ಒಂದೊಂದೇ ಮೊಟ್ಟೆಯನ್ನಿಡುತ್ತದೆ. ಪಕ್ಕದಲ್ಲಿ ಬಿದಿಗೆ ಚಂದ್ರನಂತೆ ಒಂದು ಗಾಯ ಮಾಡುತ್ತದೆ. ಒಸರಿದ ಸೊನೆ ಹೆಪ್ಪುಗಟ್ಟಿ ಮೊಟ್ಟೆಗೆ ಹೊದಿಕೆಯಾಗುತ್ತದೆ. ವಾರದೊಳಗೆ ಹೊರಬಂದ ಮರಿ, ಎಳೆಯ ತಿರುಳನ್ನು ಕೊರೆದು ಇನ್ನೂ ಗಟ್ಟಿಯಾಗದ ಗೊರಟನ್ನು ಸೇರುತ್ತದೆ. ಕಾಯಿ ಬೆಳೆದಂತೆ ಅದು ಹೋದ ದಾರಿ ಮುಚ್ಚಿಹೋಗುತ್ತದೆ. ಯುರೋಪಿನ ಚೆಸ್ಟ್‌ನಟ್ ಮರದ ಸೊಂಡಿಲು ಹುಳುವಿನ ಮರಿ ಕಾಯಿಯಿಂದ ಹೊರಬಂದು ಮಣ್ಣು ಸೇರಿ ಕೋಶವಾಗುತ್ತದೆ. ನಮ್ಮದು ಗೊರಟಿನಲ್ಲೇ ಕೋಶವಾಗಿ, ಪ್ರೌಢ ಹುಳುವಾಗಿಯೇ ಹೊರಬೀಳುತ್ತದೆ. ಮುಂದಿನ ಹೂವಿನ ಕಾಲದವರೆಗೆ ತೊಗಟೆಯ ಬಿರುಕುಗಳಲ್ಲಿ ಅಡಗಿರುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ, ಮಾವೊಂದೇ ಆಹಾರ. ಹೆಚ್ಚು ದೂರ ಹಾರುವ ಜೀವಿಯೂ ಅಲ್ಲ. ಹಣ್ಣು ಮತ್ತು ಗೊರಟನ್ನು ಊರಿಂದೂರಿಗೆ ಒಯ್ಯುವ ನಾವೇ ಅದರ ವಾಹನ.

ತಿನ್ನುವವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ನಷ್ಟವಾಗುವುದು ಬೀಜಕ್ಕೆ. ಅಮೆರಿಕವು 2007ರಲ್ಲಿ ನಮ್ಮ ಮಾವಿಗೆ ಮತ್ತೆ ಬಾಗಿಲು ತೆರೆದಾಗ 400 ಗ್ರೇ ವಿಕಿರಣ ಸಂಸ್ಕರಣೆಯ ಷರತ್ತು ಹಾಕಿತು. ಅದಕ್ಕೆ ಈ ಹುಳುವಿನ ಭಯವೂ ಒಂದು ಕಾರಣ. ಆದರೆ ನನ್ನ ಚಿಂತೆ ರಫ್ತಿನದಲ್ಲ, ಹೊಳೆದಂಡೆಯ ಅಪ್ಪೆ ಮರಗಳದು. ಮಿಡಿಗಾಗಿ ಕೊಂಬೆಗಳನ್ನೇ ಕಡಿದು ಅವುಗಳನ್ನು ಸೊರಗಿಸಿದ್ದೇವೆ. ಅಳಿದುಳಿದ ಹಣ್ಣಿನ ಗೊರಟನ್ನೂ ಹುಳು ತಿಂದರೆ ಸಸಿ ಹುಟ್ಟುವುದೆಲ್ಲಿಂದ?

ಮರಿ ಗೊರಟು ಸೇರಿದ ಮೇಲೆ ಕಾಯಿಗೆ ಸಿಂಪಡಿಸಿದ ಔಷಧಿ ವ್ಯರ್ಥ. ಹೊಳೆಯಂಚಿನಲ್ಲಂತೂ ಅದು ನೀರಿಗೆ ವಿಷವಿಕ್ಕಿದಂತೆಯೇ ಸರಿ. ಮಾಡಬೇಕಾದದ್ದು ಗುಡಿಸುವ ಕೆಲಸ. ಉದುರಿದ ಕಾಯಿ, ಹಣ್ಣು, ತಿಂದೆಸೆದ ಗೊರಟುಗಳನ್ನು ಆಗಾಗ ಆಯ್ದು ಎರಡು ಅಡಿ ಆಳಕ್ಕೆ ಹೂಳಬೇಕು, ಇಲ್ಲವೇ ಬಚ್ಚಲೊಲೆಗೆ ಹಾಕಬೇಕು. ಒಣಗಲಿ ಎಂದು ಮೂಲೆಯಲ್ಲಿ ರಾಶಿ ಹಾಕಿದರೆ ಹುಳುವಿಗೆ ಹೊರಬರಲು ನಾವೇ ಅವಕಾಶ ಕೊಟ್ಟಂತೆ. ಒಬ್ಬರ ಅಂಗಳ ಸ್ವಚ್ಛವಾಗಿ ಪಕ್ಕದ ಬೇಣದ ಮರದಡಿ ಹಾಗೆಯೇ ಉಳಿದರೂ ಪ್ರಯೋಜನವಿಲ್ಲ. ಯಾರಿಗೂ ಸೇರದ ಮರಗಳ ಬುಡವನ್ನು ಯಾರು ಗುಡಿಸಬೇಕೆಂಬುದನ್ನು ಇಂದಿನ ಸಭೆಯಲ್ಲೇ ನಿರ್ಧರಿಸೋಣ.

ಹಾಗೆಂದು ಎಲ್ಲ ಗೊರಟನ್ನೂ ಸುಟ್ಟರೆ ಸಸಿಯೂ ಇಲ್ಲ. ಒಳ್ಳೆಯ ಮರದ ಗೊರಟನ್ನು ಬೇರೆಯಿರಿಸಿ, ಅಂಚನ್ನು ಎಚ್ಚರದಿಂದ ಕತ್ತರಿಸಿ ಗಟ್ಟಿ ಚಿಪ್ಪನ್ನು ಬಿಡಿಸಿ. ಬೀಜ ಬಿಳುಪಾಗಿ ಇಡಿಯಾಗಿದ್ದರೆ ಕೂಡಲೇ ಚೀಲದ ಮಣ್ಣಿಗೆ ಹಾಕಿ. ಮಾವಿನ ಬೀಜದ ಜೀವ ಕೆಲವೇ ವಾರಗಳದು. ತಾಯಿಮರದ ಗುಣವೇ ಬೇಕೆಂದರೆ ಆ ಸಸಿಗೆ ಕಸಿ ಕಟ್ಟಬೇಕು.

ಇನ್ನೊಂದು ಮಾತು, ಚಗಳಿ ಇರುವೆಯದು. ಎಲೆ ಹೆಣೆದು ಗೂಡು ಕಟ್ಟುವ ಈ ಇರುವೆಗಳಿರುವ ಮಾವಿನ ಮರಗಳಲ್ಲಿ ಸೊಂಡಿಲು ಹುಳುವಿನ ಹಾವಳಿ ಕಡಿಮೆಯೆಂದು ಆಸ್ಟ್ರೇಲಿಯಾದ ಉತ್ತರ ಭಾಗದ ತೋಟಗಳಲ್ಲಿ ನಡೆದ ಅಧ್ಯಯನ ತೋರಿಸಿದೆ. ಕಚ್ಚುತ್ತವೆ, ನಿಜ. ಚಗಳಿ ಚಟ್ನಿಯ ರುಚಿ ನನಗೂ ಗೊತ್ತು. ಆದರೂ ಅಪ್ಪೆ ಮರದ ಮೇಲಿನ ಒಂದೆರಡು ಕೊಟ್ಟೆಗಳನ್ನು ಬಿಟ್ಟುಬಿಡಿ.