ಅತ್ತೆಗೆ ಆಸರೆ, ಸೊಸೆಗೆ ಬಿಡುವು
(ಮದ್ದೂರಿನಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಹಿಂಸೆಗಳ ವಿರುದ್ಧ ಮಾತನಾಡುವ ವೇದಿಕೆಯಲ್ಲಿ ಮುದುಕರ ವಿಷಯವೇಕೆ ಎಂದು ನೀವು ಕೇಳಬಹುದು. ಎರಡೂ ಒಂದೇ ಮನೆಯೊಳಗಿನ ಮಾತು. ಬೆಳಗಿನ ಜಾವ ಮಗ ಬೆಂಗಳೂರಿನ ರೈಲು ಹತ್ತುತ್ತಾನೆ. ಸೊಸೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಕಬ್ಬಿನ ಗದ್ದೆಗೋ ಗಾರ್ಮೆಂಟ್ಸಿಗೋ ಓಡುತ್ತಾಳೆ. ಹಾಸಿಗೆ ಹಿಡಿದ ಅತ್ತೆ ಸಂಜೆಯವರೆಗೂ ಒಬ್ಬಳೇ. ಸೊಸೆ ಬಂದೊಡನೆ ಬೈಗುಳ, ದಣಿದು ಬಂದವಳೂ ತಿರುಗಿ ಕೂಗುತ್ತಾಳೆ. ಊರವರು ‘ಅತ್ತೆ ಸೊಸೆ ಜಗಳ’ ಎನ್ನುತ್ತಾರೆ. ಮಗನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ನಮ್ಮ ಅತ್ತೆಯವರು ಮೂರು ವರ್ಷ ಹಾಸಿಗೆಯಲ್ಲಿದ್ದರು. ಕಾಲೇಜಿನಲ್ಲಿ ಸಮಾನತೆಯ ಪಾಠ ಹೇಳಿ ಬಂದ ನಾನು ಮನೆಯಲ್ಲಿ ಅವರ ಮೇಲೆ ರೇಗುತ್ತಿದ್ದೆ. ಒಂದು ದಿನ ಅವರ ಕೈಯಿಂದ ಊಟದ ತಟ್ಟೆ ಕಿತ್ತುಕೊಂಡೆ. ಆಗಿನ ಅವರ ಮುಖ ಇಂದಿಗೂ ಮರೆತಿಲ್ಲ. ಪಕ್ಕದ ಮನೆಯಾಕೆ ದಿನಕ್ಕೊಂದು ಗಂಟೆ ಬಂದು ಅವರ ಬಳಿ ಕೂರತೊಡಗಿದ ಮೇಲೆ ಇಬ್ಬರಿಗೂ ಉಸಿರು ಬಂತು.

ಕಾನೂನು ಏನು ಹೇಳುತ್ತದೆ ನೋಡಿ. ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ‘ಮಕ್ಕಳು’ ಎಂದು ಹೆಸರಿಸುವುದು ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳನ್ನು. ಅದರಲ್ಲಿ ಸೊಸೆಯಿಲ್ಲ! ಹೊಣೆ ಮಗನದು, ದುಡಿಮೆ ಮಾತ್ರ ಸೊಸೆಯದು. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರನ್ನು ಇಡಲೇಬೇಕೆಂದಿಲ್ಲ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಮಕ್ಕಳ ಹೆಸರಿಗೆ ಜಮೀನು ಬರೆದುಕೊಡುವ ತಾಯಂದಿರು ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿರಿ. ಮಾತು ತಪ್ಪಿದರೆ ಆ ಪತ್ರವನ್ನು ರದ್ದು ಮಾಡಿಸಲು ದಾರಿಯಿದೆ.

ಆದರೆ ಈ ಕಾಯ್ದೆಯನ್ನು ಸೊಸೆಯ ಮೇಲೆ ದೊಣ್ಣೆಯಾಗಿ ಬೀಸಿದವರೂ ಉಂಟು. ಬೆಂಗಳೂರಿನಲ್ಲಿ ಅತ್ತೆಮಾವ ಇದೇ ಕಾಯ್ದೆಯಡಿ ಸೊಸೆಯನ್ನು ಮನೆಯಿಂದ ಬಿಡಿಸಲು ಆದೇಶ ತಂದಿದ್ದರು. 2020ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸೊಸೆಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯರ ಕಾಯ್ದೆಯ ನೆಪದಲ್ಲಿ ಅಳಿಸಿಹಾಕುವಂತಿಲ್ಲ ಎಂದಿತು. ಹಿರಿಯರ ರಕ್ಷಣೆಯೂ ಬೇಕು, ಸೊಸೆಯ ನೆಲೆಯೂ ಉಳಿಯಬೇಕು.

ಇನ್ನು ಸಂಘದ ಕೆಲಸ. ವಾರದ ಸಭೆಯಲ್ಲಿ ಸಾಲದ ಕಂತು ಕೇಳುವಂತೆಯೇ, ‘ನಿಮ್ಮನೆ ಅಜ್ಜಿ ಹೇಗಿದ್ದಾರೆ? ನೀನು ಹೇಗಿದ್ದೀಯವ್ವಾ?’ ಎಂದೂ ಕೇಳಿ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರನ್ನು ಗುರುತಿಸಿ. ಸರದಿಯ ಮೇಲೆ ಒಬ್ಬೊಬ್ಬರು ಒಂದು ಗಂಟೆ ಅವರೊಡನೆ ಕೂತರೆ, ಸೊಸೆ ನೆಮ್ಮದಿಯಾಗಿ ಸ್ನಾನ ಮಾಡಿಯಾಳು, ಒಂದು ಗಳಿಗೆ ಮಲಗಿಯಾಳು. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ. ಹಿರಿಯರ ಸಹಾಯವಾಣಿ 14567 ಎಂದು ಗೋಡೆಯ ಮೇಲೆ ಬರೆದಿಡಿ.

ಮಗನನ್ನೂ ಕರೆದು ಕೂರಿಸಿ ಕೇಳಿ: ‘ಭಾನುವಾರ ನಿನಗೆ ರಜೆಯಲ್ಲವೇನಪ್ಪಾ? ನಿಮ್ಮವ್ವನಿಗೆ ಇವತ್ತು ಊಟ ತಿನ್ನಿಸುವವರು ಯಾರು?’

ಇಂದಿನ ಸೊಸೆ ನಾಳಿನ ಅತ್ತೆ. ಈ ಕೆಲಸ ನಮಗಾಗಿಯೇ ಎಂದು ತಿಳಿದು ಮಾಡೋಣ.